ಹಾಲಿನ ಪುಡಿಯ ಡಬ್ಬದ ಚಕ್ಕೆ

ಆ ಶುಕ್ರವಾರ ಗಲ್ಫಿನ ಅಲ್ ಸದ್ದ್‌ನ ನಮ್ಮ ಫ್ಲಾಟಿನಲ್ಲಿ ಪಲಾವ್‌ನ ಇತಿಹಾಸವನ್ನು ಹೊಸದಾಗಿ ಬರೆಯುವುದೆಂದು ನಾನು ತೀರ್ಮಾನಿಸಿದ್ದೆ. ಇತಿಹಾಸಕ್ಕೆಲ್ಲ ದೊಡ್ಡ ದೊಡ್ಡ ಕಾರಣಗಳಿರುತ್ತವೆ. ನನ್ನ ಕಾರಣದ ಹೆಸರು ವ್ಯಾಲೆಂಟೈನ್.

ವ್ಯಾಲೆಂಟೈನ್ ನಮ್ಮ ಮೇಲಿನ ಮಹಡಿಯವರು. ಮೂಡುಬಿದಿರೆ ಕಡೆಯವರು, ಒಂದು ಕಂಪನಿಯಲ್ಲಿ ಅಕೌಂಟೆಂಟ್. ಶುಕ್ರವಾರ ಹೆಂಡತಿ ಎಡ್ನಾರೊಂದಿಗೆ ಚರ್ಚಿನಿಂದ ಬಂದವರೇ ಅಡುಗೆಮನೆ ಹೊಗುತ್ತಾರೆ. ನಾವು ಬಾಗಲಕೋಟೆಯ ಶಾಕಾಹಾರಿಗಳು ಎಂದು ನಮಗಾಗಿಯೇ ಬೇರೆ ಪಾತ್ರೆ ಇಟ್ಟುಕೊಂಡಿದ್ದಾರೆ. ಅದರಲ್ಲಿ ತರಕಾರಿ ಪಲಾವ್ ಮಾಡಿ ಕೆಳಗೆ ತಂದುಕೊಡುತ್ತಾರೆ. ಇಂಥ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭವಲ್ಲ. ನಾನು ಶ್ರಮಪಟ್ಟು ಸಾಧಿಸಿದ್ದೆ.

ಎಲ್ಲಕ್ಕೂ ಮೂಲ ಎರಡೇ ಪದ. ಅವರ ಪಲಾವ್‌ನ ಮೊದಲ ತುತ್ತಿಗೆ ನನ್ನ ಹೆಂಡತಿ ಶಿಲ್ಪಶ್ರೀ ಕಣ್ಣು ಮುಚ್ಚಿ, "ಛಲೋ ಆಗೇತಿ" ಎನ್ನುತ್ತಾಳೆ. ಮದುವೆಯಾದಂದಿನಿಂದ ನಾನು ಮಾಡಿದ ಯಾವ ಪದಾರ್ಥಕ್ಕೂ ಆ ಪದವಿ ದೊರೆತಿಲ್ಲ. ನನ್ನ ಉಪ್ಪಿಟ್ಟಿಗೆ ದೊರೆತದ್ದು, "ತಿನ್ನಾಕ ಬರತೈತಿ." ಅದನ್ನೂ ಅವಳು ಕಣ್ಣು ತೆರೆದುಕೊಂಡೇ ಹೇಳಿದ್ದಳು.

ಒಂದು ದಿನ ಲಿಫ್ಟಿನಲ್ಲಿ, ಏನೂ ಅವಸರವಿಲ್ಲದವನಂತೆ, ಪಲಾವ್‌ನ ಗುಟ್ಟೇನೆಂದು ವ್ಯಾಲೆಂಟೈನರನ್ನು ಕೇಳಿದೆ.

"ಗುಟ್ಟು ಎಂಥದ್ದು ಮಾರಾಯ್ರೆ? ಎಡ್ನಾಳ ಅಮ್ಮನ ಮನೆಯಲ್ಲಿ ದಾಲ್ಚಿನ್ನಿ ಮರ ಉಂಟು. ಅದರ ಚಕ್ಕೆ ಅಂಗಡಿಯದ್ದರ ಹಾಗೆ ದಪ್ಪ ಇರುದಿಲ್ಲ, ತೆಳು. ಬೆಂಕಿ ಸಣ್ಣ ಇಟ್ಟು ತುಪ್ಪಕ್ಕೆ ಒಂದು ತುಂಡು ಹಾಕಿದ್ರೆ ಸಾಕು. ಕರಟಿದ್ರೆ ಕಹಿ. ಮತ್ತೆ, ಹಾಕುವ ಮೊದಲು ಒಂದು ಚೂರು ಅಗಿದು ನೋಡಿ. ಸಿಹಿ ಬಂದ್ರೆ ಮಾತ್ರ ಹಾಕಿ."

ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಲೆಯಲ್ಲಿಟ್ಟುಕೊಂಡೆ. ನಾನು ಗ್ಯಾಸ್ ಪ್ಲಾಂಟಿನಲ್ಲಿ ಸೇಫ್ಟಿ ಇನ್‌ಸ್ಪೆಕ್ಟರ್. ಕಂಡದ್ದನ್ನೆಲ್ಲ ಅಗಿದು ನೋಡುವುದು ನಮ್ಮ ವೃತ್ತಿಗೆ ಹೇಳಿಸಿದ್ದಲ್ಲ. ಹೆಸರು ಬರೆಯದ ಡಬ್ಬ ಕಂಡರೆ ಅಲ್ಲೇ ಕೆಲಸ ನಿಲ್ಲಿಸುವವನು ನಾನು. ನನಗೆ ಹೆದರಿ ಸ್ಟೋರಿನ ಮೂಸಬ್ಬ ಚಹಾದ ಸಕ್ಕರೆ ಡಬ್ಬಕ್ಕೂ ಚೀಟಿ ಅಂಟಿಸಿದ್ದಾನೆ.

ಮನೆಗೆ ಬಂದು ವಿಚಾರಿಸಿದರೆ, ಎಡ್ನಾ ಊರಿನಿಂದ ತಂದ ಚಕ್ಕೆಯಲ್ಲಿ ನಮಗೂ ಒಂದಿಷ್ಟು ಕೊಟ್ಟಿದ್ದಾರೆ, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಹಾಲಿನ ಪುಡಿಯ ಡಬ್ಬದಲ್ಲಿದೆ ಎಂದು ಶಿಲ್ಪಶ್ರೀ ಹೇಳಿದಳು. ಗಲ್ಫಿನ ಕನ್ನಡಿಗರ ಮನೆಗಳಲ್ಲಿ ಹಾಲಿನ ಪುಡಿಯ ಡಬ್ಬದೊಳಗೆ ಹಾಲಿನ ಪುಡಿಯೊಂದನ್ನು ಬಿಟ್ಟು ಎಲ್ಲವೂ ಇರುತ್ತದೆ. ಶತ್ರುವಿನ ಆಯುಧ ನಮ್ಮದೇ ಕಪಾಟಿನಲ್ಲಿತ್ತು. ಶುಕ್ರವಾರ ಮಧ್ಯಾಹ್ನದ ಊಟಕ್ಕೆ ವ್ಯಾಲೆಂಟೈನ್ ದಂಪತಿಯನ್ನು ಕರೆದೇಬಿಟ್ಟೆ. ಅವರೆದುರಿಗೇ ಶಿಲ್ಪಶ್ರೀ ಕಣ್ಣು ಮುಚ್ಚಬೇಕು. ನನಗೆ ಬೇಕಾದದ್ದು ಅಷ್ಟೇ.

ಆ ದಿನ ಅವಳನ್ನು ಎಡ್ನಾರ ಮನೆಗೆ ಕಳಿಸಿ, ಕಪಾಟಿನ ಮುಂಭಾಗದಲ್ಲೇ ಇದ್ದ ಡಬ್ಬವನ್ನು ಇಳಿಸಿದೆ. ಒಳಗೆ ಕಂದು ಬಣ್ಣದ ಚಪ್ಪಟೆ ಚೂರುಗಳು, ಅಲ್ಲಲ್ಲಿ ಕಪ್ಪು ಗೆರೆ. ಅಂಗಡಿಯ ಚಕ್ಕೆಯ ವಾಸನೆ ಒಂದಿಷ್ಟೂ ಇರಲಿಲ್ಲ. ಅಂಗಡಿಯದರಂತೆ ಇಲ್ಲವೆಂದರೆ ಅಸಲಿ ಎಂದೇ ಅರ್ಥವಲ್ಲವೇ? ವ್ಯಾಲೆಂಟೈನ್ ಒಂದು ತುಂಡು ಹಾಕುತ್ತಾರೆ. ನಾನು ಒಂದು ಹಿಡಿ ಹಾಕಿದೆ.

ಸಣ್ಣ ಉರಿಯಲ್ಲಿ ತುಪ್ಪ ಕಾಯುತ್ತಿದ್ದಂತೆ ಪರಿಮಳ ಎದ್ದಿತು. ಗಂಭೀರವಾದ, ಶ್ರೀಮಂತವಾದ ಪರಿಮಳ. ಎಲ್ಲೋ ಪರಿಚಯವಿದ್ದಂತೆಯೂ ಇತ್ತು. ಅಕ್ಕಿ, ತರಕಾರಿ ಹಾಕಿ ಮುಚ್ಚುವಷ್ಟರಲ್ಲಿ ಅದು ಬಾಗಿಲು ದಾಟಿ ಕಾರಿಡಾರಿಗೆ ಹೋಗಿತ್ತು. ಪಕ್ಕದ ಫ್ಲಾಟಿನ ಈಜಿಪ್ಟಿನ ಹೆಂಗಸು ಬೆಲ್ ಒತ್ತಿ, ನಗುತ್ತ "ಮಬ್ರೂಕ್" ಎಂದು ಶುಭಾಶಯ ಹೇಳಿ ಹೋದಳು. ಪಲಾವ್ ಇನ್ನೂ ಬೇಯುತ್ತಿರುವಾಗಲೇ ಅಭಿನಂದನೆ! ವಿನಯದಿಂದ ತಲೆಬಾಗಿ ಸ್ವೀಕರಿಸಿದೆ. ಮನೆಯಲ್ಲಿ ನಿಶ್ಚಿತಾರ್ಥವಿರಬೇಕೆಂದು ಆಕೆ ತಿಳಿದದ್ದು ಆಮೇಲೆ ಗೊತ್ತಾಯಿತು.

ಶಿಲ್ಪಶ್ರೀ ಬಂದವಳು ನೇರವಾಗಿ ಒಲೆಯ ಬಳಿ ಹೋಗಿ ಮುಚ್ಚಳ ತೆಗೆದಳು. ಚಮಚದಲ್ಲಿ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದಳು.

"ಇದು ಊದ್ ಐತ್ರಿ. ನಿಮ್ಮ ಸಾಹೇಬ್ರು ಈದ್‌ಗೆ ಕೊಟ್ಟಿದ್ದು."

ಊದ್ ಎಂದರೆ ಇಲ್ಲಿನವರು ಹಬ್ಬ, ಶುಭಕಾರ್ಯಗಳಲ್ಲಿ ಕೆಂಡದ ಮೇಲಿಟ್ಟು ಮನೆಗೆ, ಬಟ್ಟೆಗೆ ಹೊಗೆ ಹಾಕುವ ಸುಗಂಧದ ಕಟ್ಟಿಗೆ. ಊರಿಗೆ ಒಯ್ಯಲೆಂದು ಅವಳು ಎತ್ತಿಟ್ಟಿದ್ದಳು. ಸೀರೆಗಳ ನಡುವೆ ಇಟ್ಟರೆ ತಲೆನೋವು ಬರುತ್ತದೆಂದು ಅಡುಗೆಮನೆಗೆ ತಂದು, ಹಾಲಿನ ಪುಡಿಯ ಇನ್ನೊಂದು ಡಬ್ಬಕ್ಕೆ ಸುರಿದಿದ್ದಳು. ಎಡ್ನಾರ ಚಕ್ಕೆ ಅದರ ಹಿಂದೆಯೇ, ಅಂಥದೇ ಡಬ್ಬದಲ್ಲಿ, ತಣ್ಣಗೆ ಕೂತಿತ್ತು.

"ಪ್ಲಾಂಟಿನ್ಯಾಗ ಡಬ್ಬಿಗೆ ಹೆಸರಿಲ್ಲಂದ್ರ ಕೆಲಸ ನಿಂದರಸ್ತೀರಿ," ಎಂದಳು. "ಮನ್ಯಾಗ ನಿಮ್ಮನ್ನ ಯಾರ ನಿಂದರಸಬೇಕ್ರಿ?"

ಆದರೂ ಆಸೆ ಬಿಡದೆ ಒಂದು ತುತ್ತು ತಿಂದೆ. ದೊಡ್ಡ ಹೋಟೆಲಿನ ಸೋಫಾವನ್ನು ಕಚ್ಚಿದಂತಿತ್ತು. ಪಲಾವ್ ಕಸದ ಚೀಲಕ್ಕೆ ಹೋಯಿತು. ಶಿಲ್ಪಶ್ರೀ ಮೇಲಿನ ಮನೆಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ವ್ಯಾಲೆಂಟೈನ್ ನಗಲಿಲ್ಲವಂತೆ, ಪಾಪ, ಈಗಲೇ ಒಂದು ಪಾತ್ರೆ ಪಲಾವ್ ಮಾಡಿ ತರುತ್ತೇನೆ ಎಂದರಂತೆ. ಅವರು ನಗದಿದ್ದುದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅವರು ಬರುವ ಹೊತ್ತಿಗೆ ನಾನು ಸಿಂಕಿನ ಮುಂದಿದ್ದೆ. ತುಪ್ಪವೂ ಊದೂ ಸೇರಿ ಪಾತ್ರೆಯ ತಳದಲ್ಲಿ ಕರಿ ಪದರ ಕಟ್ಟಿತ್ತು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಿದ್ದೆ. ಒಂದೊಂದು ತಿಕ್ಕಿಗೂ ವ್ಯಾಲೆಂಟೈನರ ಒಂದೊಂದು ಒಳ್ಳೆಯ ಗುಣ ನೆನಪಾಗಿ ಕೈಗೆ ಇನ್ನಷ್ಟು ಬಲ ಬರುತ್ತಿತ್ತು. ಪಾತ್ರೆ ಕನ್ನಡಿಯಾಯಿತು.

ಅಡುಗೆಮನೆಯ ಬಾಗಿಲಲ್ಲಿ ಎಡ್ನಾ ನಿಂತುಬಿಟ್ಟರು. "ವ್ಯಾಲೆಂಟೈನ್, ಒಮ್ಮೆ ಇಲ್ಲಿ ಬಂದು ನೋಡಿ. ಪಾತ್ರೆ ತಿಕ್ಕುದು ಅಂದ್ರೆ ಹೀಗೆ. ನಿಮ್ದು ಅಡುಗೆ ಆದ ಕೂಡ್ಲೇ ಖಲಾಸ್, ಕೈ ತೊಳೆದು ಹೋಗುದು ಮಾತ್ರ."

ವ್ಯಾಲೆಂಟೈನ್ ಬಂದು ನೋಡಿದರು. ಅವರ ಕಿವಿ ಕೆಂಪಾಯಿತು, ತುಟಿ ಒಂದಿಷ್ಟು ಬಿಗಿಯಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಪ್ರತಿ ಶುಕ್ರವಾರ ಊಟದ ನಂತರ ಕೈ ತೊಳೆಯುವಾಗ ಕನ್ನಡಿಯಲ್ಲಿ ಕಾಣುವುದು ಅದೇ.

ಶಿಲ್ಪಶ್ರೀ ಪಾತ್ರೆಯನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು.

"ಛಲೋ ಆಗೇತಿ," ಎಂದಳು.

ಊಟವಾದ ಮೇಲೆ ವ್ಯಾಲೆಂಟೈನರ ಖಾಲಿ ಪಾತ್ರೆ, ಯಾರೂ ಏನೂ ಹೇಳದೆ, ತಾನಾಗಿ ನನ್ನ ಸಿಂಕಿಗೆ ಬಂತು. ತಳದಲ್ಲಿ ಚಕ್ಕೆಯ ತೆಳುವಾದ ಒಂದು ತುಂಡು ಅಂಟಿಕೊಂಡಿತ್ತು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಬಾಯಿಗೆ ಹಾಕಿ ಅಗಿದೆ.

ಹಾಳಾದದ್ದು, ಸಿಹಿಯೇ ಇತ್ತು.