ಗೇಣುದ್ದದ ಕಾರು, ಮಾರುದ್ದದ ಅನುಮಾನ

ಈ ಸಲದ ಶ್ರಾವಣದ ಕೊನೆಯ ಸೋಮವಾರ ಸಂಜೆ, ಚನ್ನಗಿರಿಯ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು, ನೆರೆಯ ಗೆಳೆಯರು ಒತ್ತಾಯಿಸಿದ್ದರಿಂದ ಹೇಳಿದ ಸಂಗತಿಗಳಿವು. ಕಳ್ಳನಾದವನು ಬೀದಿಯಲ್ಲಿ ನಿರಾತಂಕವಾಗಿ ನಡೆದುಹೋದಾನು. ಮುಚ್ಚುಮರೆಯಿಲ್ಲದೆ ಒಂದು ಹವ್ಯಾಸಕ್ಕೆ ಕೈಹಾಕಿದ ಮುದುಕನನ್ನು ಮಾತ್ರ ಊರು ತಡೆದು ನಿಲ್ಲಿಸಿ ಕೇಳುತ್ತದೆ. ನನಗೆ ಹೋದಲ್ಲೆಲ್ಲ ಹೀಗೆಯೇ ಆಗುತ್ತಿರುತ್ತದೆ.

ಮೊದಲು ಮೂಲವನ್ನು ಹೇಳಬೇಕು. ತಂದೆಯವರ ಹಳೆಯ ಕಾರು ನಮ್ಮ ಹಿತ್ತಲಲ್ಲಿ ತುಕ್ಕು ತಿಂದು ನೆಲಕ್ಕಂಟಿದ್ದಾಗ, ಜಗಳೂರಿನಲ್ಲಿ ನೆಲೆಸಿದ್ದ ಅಣ್ಣನನ್ನು ಒಂದು ಮಾತೂ ಕೇಳದೆ ಅದನ್ನು ಗುಜರಿಯವನಿಗೆ ಒಪ್ಪಿಸಿಬಿಟ್ಟೆ. "ಗುಜರಿಗೆ ಹಾಕಿಲ್ಲ, ಎಲ್ಲೋ ಬಚ್ಚಿಟ್ಟಾನೆ" ಎಂಬುದು ಅಣ್ಣನ ನಿರ್ಣಯ. ಅಂದಿನಿಂದ ಹನ್ನೊಂದು ವರ್ಷ ಅವನು ನನ್ನ ಮನೆಯ ನೀರು ಮುಟ್ಟಿರಲಿಲ್ಲ. ಎಂಬತ್ತು ದಾಟಿದ ಅವನಿಗೆ ಆ ಕಾರಿನ ತದ್ರೂಪವನ್ನಾದರೂ ಕೊಟ್ಟು ರಾಜಿಯಾಗೋಣವೆಂದು, ಅದೇ ಬಗೆಯ ಗೇಣುದ್ದದ ಮಾದರಿಯೊಂದನ್ನು ತರಿಸಿದೆ. ಬಂದದ್ದು ಹಸೆಗೆ ಕೂರಲು ಹೊರಟ ಮದುಮಗನಂತೆ ಮಿರಮಿರನೆ ಮಿಂಚುವ ಆಟಿಕೆ. ಅದನ್ನು ನಮ್ಮ ಕಾರನ್ನಾಗಿ ಮಾಡಲು ಹೊರಟಾಗ ಒದಗಿದ ಪ್ರಸಂಗಗಳು ನಾಲ್ಕು.

ಹತ್ತು ಉಗುರು

ನಮ್ಮ ಕಾರಿನ ಬಣ್ಣ ಕಪ್ಪೂ ಅಲ್ಲ, ಕೆಂಪೂ ಅಲ್ಲ. ಹಣ್ಣಾದ ನೇರಳೆಯನ್ನು ಬೆರಳಲ್ಲಿ ಒತ್ತಿದರೆ ಬರುವಂಥದು. ಅದು ಉಗುರುಬಣ್ಣದಲ್ಲಿ ಸಿಕ್ಕೀತೆಂದು ಬಳೆ ಅಂಗಡಿಗೆ ಹೋದೆ.

"ಯಾರಿಗ್ರೀ ಮೇಷ್ಟ್ರೇ, ಅಮ್ಮೋರಿಗಾ?" ಎಂದಳು ಅಂಗಡಿಯಾಕೆ.

"ಅಲ್ಲಮ್ಮ, ನನ್ನ ಕೆಲಸಕ್ಕೇ" ಎಂದೆ.

ಆಕೆ ಮತ್ತೇನನ್ನೂ ಕೇಳಲಿಲ್ಲ. ಆ ಮೌನವೇ ಅಪಾಯಕಾರಿ. ಬಣ್ಣಗಳನ್ನು ಹೋಲಿಸಿ ನೋಡಲು ಬೆರಳಿಗೊಂದರಂತೆ ಹಚ್ಚಿಕೊಂಡು ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಹೆಂಡತಿ ಬಾಗಿಲಲ್ಲೇ ನಿಂತು, "ಕೈ ತೋರಿಸ್ರೀ" ಎಂದಳು. ತೋರಿಸಿದೆ.

"ಈ ವಯಸ್ಸಿನಾಗೆ ಯಾರಿಗ್ರೀ ಈ ಸಿಂಗಾರ?"

"ಕಾರಿಗೆ ಕಣೇ."

"ಸುಳ್ಳು ಹೇಳಾಕೂ ಒಂದು ಲಕ್ಷಣ ಬ್ಯಾಡ್ವಾ? ಕಾರಿಗೆ ಉಗುರು ಎಲ್ಲೈತ್ರೀ?"

ಒತ್ತೆ ಇಟ್ಟ ಧೂಳು

ನಮ್ಮದನ್ನೇ ಹೋಲುವ ಕಾರೊಂದು ಹೊನ್ನಾಳಿಯ ಅಕ್ಕಿ ಗಿರಣಿಯ ಹಿಂದೆ ನಿಂತಿದೆಯೆಂದು ಕೇಳಿ, ಯಜಮಾನನ ಅಪ್ಪಣೆ ಪಡೆದು ಹೋದೆ. ಅಳತೆಗೆ ಟೇಪು ಮರೆತಿದ್ದೆ. ಆದಕಾರಣ ದಾರ ಹಿಡಿದು, ಬಾಗಿಲಿಗೊಂದು, ದೀಪಕ್ಕೊಂದು ಎಂದು ಗಂಟು ಹಾಕುತ್ತ ಅಳೆದೆ. ಹಳೆಯ ಕಾರಿನ ಮೇಲಿನ ಧೂಳು ಬಣ್ಣದಿಂದ ಬಾರದು. ಧೂಳಿಗೆ ಧೂಳೇ ಆಗಬೇಕು. ಅದನ್ನೂ ಬಟ್ಟೆಯಲ್ಲಿ ಸೋಸದಿದ್ದರೆ ಗೇಣುದ್ದದ ಕಾರಿನ ಮೇಲೆ ಕಣವೊಂದು ಬಂಡೆಯಂತೆ ಕಾಣುತ್ತದೆ. ಹಾಗೆಂದು ಚಕ್ರದ ಬುಡದ ಮಣ್ಣನ್ನು ಕಾಗದದ ಪೊಟ್ಟಣಕ್ಕೆ ತುಂಬುತ್ತಿದ್ದೆ. ಯಜಮಾನನ ಮುದಿ ತಾಯಿ ಬಂದರು. ಕಂಡದ್ದು ಗಂಟು ಹಾಕಿದ ದಾರ, ಪೊಟ್ಟಣದ ಮಣ್ಣು, ಅಪರಿಚಿತ ಮುದುಕ.

"ಯಾರು ಕಳಿಸಿದ್ರು ನಿನ್ನ ಮಾಟ ಮಾಡಾಕೆ?"

ಆಟಿಕೆಯ ಕಾರಿಗೆ ಧೂಳು ಹಚ್ಚಲು ಎಂದೆ. ಮಾಟವೇ ಇದಕ್ಕಿಂತ ನಂಬಲರ್ಹವೆಂದು ಅವರ ಮುಖ ಹೇಳುತ್ತಿತ್ತು. ಗಂಟುಗಳನ್ನೆಲ್ಲ ಬಿಚ್ಚಿಸಿದರು, ಅರ್ಧ ದಿನದ ಅಳತೆ ಗಾಳಿಗೆ ಹೋಯಿತು. ಅಷ್ಟರಲ್ಲಿ ಮಗ ಓಡಿಬಂದು, "ಯವ್ವಾ, ಅವ್ರು ಮೇಷ್ಟ್ರು" ಎಂದು ಟೇಪು ಕೊಟ್ಟು ಕಾಪಾಡಿದ. ಮುದುಕಿ ಕೊನೆಗೆ ಮಣ್ಣು ಕೊಡಲು ಒಪ್ಪಿದರು, ಒಂದು ಷರತ್ತಿನ ಮೇಲೆ. ನನ್ನ ಹೆಜ್ಜೆ ಬಿದ್ದಲ್ಲಿಂದ ಒಂದು ಚಿಟಿಕೆ ಮಣ್ಣು ತೆಗೆದು ಸೆರಗಿಗೆ ಕಟ್ಟಿಕೊಂಡು ಹೇಳಿದರು:

"ನಮ್ಮದು ನಿನ್ನತ್ರ ಇರ್ಲಿ, ನಿನ್ನದು ನನ್ನತ್ರ ಇರ್ಲಿ. ಗಿರಣಿ ಕೆಟ್ಟು ನಿಂತ್ರೆ ಆಮ್ಯಾಲೆ ನೋಡ್ಕಂತೀನಿ!"

ಶಂಕೆಯ ಪಟ

ಧೂಳು ಹಚ್ಚಿದೆ. ಸಿಗರೇಟು ಪೆಟ್ಟಿಗೆಯ ಬೇಗಡೆಯಿಂದ ಬಂಪರು ಕಟ್ಟಿದೆ. ಹಳೆಯ ಚಪ್ಪಲಿಯ ತೊಗಲನ್ನು ತೆಳ್ಳಗೆ ಹೆರೆದು ಆಸನಕ್ಕೆ ಹೊದಿಸಿದೆ. ನಮ್ಮ ಕಾರಿನ ನಂಬರನ್ನೇ ಸೂಜಿಮೊನೆಯಲ್ಲಿ ಬರೆದೆ. ಅದರ ಎಡಗಡೆಯ ಮಡ್‌ಗಾರ್ಡಿನಲ್ಲಿದ್ದ ಸೊಟ್ಟನ್ನೂ ಬಿಸಿ ಚಮಚದಿಂದ ಒತ್ತಿ ಮೂಡಿಸಿದೆ. ಬಳಿಕ ಹಿತ್ತಲ ಮಣ್ಣಿನ ಮೇಲಿಟ್ಟು, ಹೊಟ್ಟೆಯ ಮೇಲೆ ಮಲಗಿ ಪಟ ತೆಗೆದು, ಪ್ರತಿ ಮಾಡಿಸಲು ನ್ಯಾಮತಿಯಲ್ಲಿ ಸ್ಟುಡಿಯೋ ಇಟ್ಟಿರುವ ಅಣ್ಣನ ಅಳಿಯನ ಬಳಿಗೆ ಹೋದೆ.

ಅಳಿಯ ಪಟವನ್ನು ಹಿಗ್ಗಿಸಿ ನೋಡಿದ. ನನ್ನ ಮುಖ ನೋಡಿದ. "ಇದು ಎಲ್ಲಿ ತೆಗೆದದ್ರೀ ಮಾವ?"

"ನಮ್ಮ ಹಿತ್ತಲಲ್ಲೇ."

"ನಂಬರೂ ಅದೇ ಐತೆ!"

ಆಗಲೇ ನಿಜ ಹೇಳಬಹುದಿತ್ತು. ಆದರೆ ಬಲ್ಲವನ ಕಣ್ಣನ್ನೇ ವಂಚಿಸಿದೆನಲ್ಲ ಎಂಬ ಹೆಮ್ಮೆ ನಾಲಗೆಯನ್ನು ಕಟ್ಟಿತು. "ಎಲ್ಲ ಹಾಗೇ ಇದೆಯಪ್ಪ, ಒಂದು ಸೊಟ್ಟೂ ಬಿಟ್ಟಿಲ್ಲ" ಎಂದೆ. ಅವನು ಕೊಡಿಸಿದ ಕಬ್ಬಿನ ಹಾಲು ಮುಗಿಯುವ ಮೊದಲೇ ಪಟ ಫೋನಿನಲ್ಲಿ ಜಗಳೂರು ಸೇರಿತ್ತು.

ಬ್ಯಾಟರಿ

ಮರುದಿನ ಮೊದಲ ಬಸ್ಸಿಗೇ ಅಣ್ಣ ಬಂದ. ಜೊತೆಗೆ ಪಂಚಾಯಿತಿಗೆಂದು ಇಬ್ಬರು ಹಿರಿಯರು, ಹೆಗಲ ಮೇಲೆ ಬ್ಯಾಟರಿ ಹೊತ್ತ ಒಬ್ಬ ಮೆಕ್ಯಾನಿಕ್. ಅಣ್ಣ ಹೊಸಿಲು ದಾಟಲಿಲ್ಲ.

"ಹನ್ನೊಂದು ವರ್ಷ ಕಣೋ! ಕೀಲಿ ಕೊಡು. ಓಡಿಸ್ಕಂಡೇ ಹೋಗ್ತೀನಿ."

ಕೀಲಿಯಿಲ್ಲವೆಂದೆ. "ನೋಡಿದ್ರಾ, ಕೀಲಿನೂ ಬಚ್ಚಿಟ್ಟಾನೆ" ಎಂದು ಹಿರಿಯರತ್ತ ತಿರುಗಿದ. ನಾನು ಒಳಹೋಗಿ ಚಪ್ಪಲಿಯ ಡಬ್ಬಿ ತಂದು, ಜಗುಲಿಯ ಮೇಲೆ ಕಾರನ್ನಿಟ್ಟೆ. ಅಣ್ಣ ಕನ್ನಡಕ ಒರೆಸಿಕೊಂಡು ಬಗ್ಗಿದ. ಮೂಗು ಕಾರಿಗೆ ತಾಗುವಷ್ಟು ಬಗ್ಗಿದ. ಎಡ ಮಡ್‌ಗಾರ್ಡಿನ ಮೇಲೆ ಬೆರಳು ನಿಂತಿತು.

"ಈ ಸೊಟ್ಟು…" ಎಂದ. "ಸೂಳೆಕೆರೆ ಏರಿ ಮ್ಯಾಲೆ ಕಲ್ಲಿಗೆ ಹೊಡೆದದ್ದು ನಾನು ಕಣೋ. ಅಪ್ಪಗೆ ನಿನ್ನ ಹೆಸರು ಹೇಳಿದ್ದೆ."

"ಗೊತ್ತು ಅಣ್ಣ. ಏಟು ತಿಂದವನು ನಾನಲ್ಲವೇ?"

ಅಣ್ಣ ಜಗುಲಿಯ ಮೇಲೆ ಕುಳಿತ. ಒಳಗಿದ್ದ ನನ್ನ ಹೆಂಡತಿಯನ್ನು ಕೂಗಿ, "ಒಂದು ಚೊಂಬು ನೀರು ಕೊಡವ್ವ" ಎಂದ. ಎಲ್ಲರ ಕಣ್ಣೂ ತೇವವಾದ ಆ ಗಳಿಗೆಯಲ್ಲಿ ಮೆಕ್ಯಾನಿಕ್ ಹೆಗಲು ಬದಲಿಸಿಕೊಂಡು ಕೇಳಿದ:

"ಯಜಮಾನ್ರೇ, ಈ ಬ್ಯಾಟರಿ ಎಲ್ಲಿಗೆ ಜೋಡಿಸ್ಲಿ?"

ಕಾರು ಈಗ ಜಗಳೂರಿನಲ್ಲಿ, ಅಣ್ಣನ ಗಾಜಿನ ಬೀರುವಿನಲ್ಲಿದೆ. ಬೀರುವಿನ ಕೀಲಿ ಅವನ ಉಡಿದಾರದಲ್ಲಿದೆ. ತಿಂಗಳಿಗೊಮ್ಮೆ ಹೋಗುತ್ತೇನೆ, ಊಟ ಮಾಡಿಸದೆ ಬಿಡುವುದಿಲ್ಲ. ಹೊರಡುವಾಗ ಮಾತ್ರ ನನ್ನ ಚೀಲವನ್ನು ಒಮ್ಮೆ ಬಿಚ್ಚಿ ನೋಡಿಯೇ ಬಸ್ಸು ಹತ್ತಿಸುತ್ತಾನೆ.