ಕಣ್ಣಾಸ್ಪತ್ರೆಯ ನಂಬರು ನನ್ನ ಹೊಲಿಗೆ ಅಂಗಡಿಗೆ ಬಂದದ್ದು

ಫೋನ್ ಕರೆಗಳ ಗಡಿ ಕಾಯುವ ಸೆಷನ್ ಬಾರ್ಡರ್ ಕಂಟ್ರೋಲರ್ ಯಂತ್ರ ಮಹಾಶಯರಿಗೆ, ಬಸವನ ಬಾಗೇವಾಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಭಾಗ್ಯಜ್ಯೋತಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಊಟ, ರಜೆ ಕೇಳದೆ ದುಡಿಯುವ ತಾವು ಕ್ಷೇಮವೆಂದು ಭಾವಿಸುತ್ತೇನೆ. ನಮ್ಮೂರ ಕಣ್ಣಾಸ್ಪತ್ರೆಯಿಂದ ಹೊರಡುವ ಪ್ರತಿ ಕರೆಯೂ ಹೆಡರ್ ಎಂಬ ವಿಳಾಸಚೀಟಿ ಹೊತ್ತು ತಮ್ಮೆದುರು ಹಾಯಬೇಕಂತೆ. ಅದರೊಳಗಿನ ನಂಬರನ್ನು ನಿಯಮದಂತೆ ತಿದ್ದುವುದು ತಮ್ಮ ಕಾಯಕವಂತೆ. ಕಳೆದ ತಿಂಗಳು ತಾವು ಎಷ್ಟು ಶ್ರದ್ಧೆಯಿಂದ ತಿದ್ದಿದಿರೆಂದರೆ, ಆಸ್ಪತ್ರೆಯ ಕರೆಗಳೆಲ್ಲ ನನ್ನ ಅಂಗಡಿಯ ನಂಬರು ತೋರಿಸಿದವು. ತಿರುಗಿ ಫೋನ್ ಮಾಡಿದ ಇಂಡಿ, ಸಿಂದಗಿಯ ರೋಗಿಗಳೆಲ್ಲ ನನಗೇ ಸಿಕ್ಕರು.

ಮುದ್ದೇಬಿಹಾಳದ ಬಿಬಿಜಾನ ಎಂಬ ಹಿರಿಯರು, "ನನ್ನ ಕಣ್ಣಿನ ಆಪರೇಶನ್ ಯಾವತ್ತ ಐತ್ರಿ?" ಎಂದರು. "ಇದು ಟೇಲರ್ ಅಂಗಡಿ ಐತ್ರಿ" ಎಂದೆ. "ಹಂಗಾರ ಕಣ್ಣಿಗೆ ಹೊಲಿಗಿ ಹಾಕಾವ್ರೂ ನೀವ ಏನ್ರಿ?" ನಾನು ನಕ್ಕೆ. ಅವರು ನಗಲಿಲ್ಲ. "ಒಂದ ಕಣ್ಣ ಪೂರ್ತಿ ಹೋಗೇತಿ, ಇನ್ನೊಂದರಾಗ ಬರೇ ಮಂಜು. ಈ ಪಾಳಿ ತಪ್ಪಿದ್ರ ಏನ ಮಾಡ್ಲಿರಿ?"

ಮದುಮಗಳ ಕುಪ್ಪಸವನ್ನು ಅರ್ಧಕ್ಕೇ ಬಿಟ್ಟು, ಬಾಗಿಲು ಹಾಕಿ ಆಸ್ಪತ್ರೆಗೆ ಓಡಿದೆ. ಗುಮಾಸ್ತ ಸಂಜೀವಕುಮಾರ ಆಗಲೇ ಬಿಬಿಜಾನರ ಹೆಸರಿನ ಮೇಲೆ ಪೆನ್ನು ಹಿಡಿದಿದ್ದರು. "ಮೂರ ಸಲ ಫೋನ್ ಹಚ್ಚೇವ್ರಿ, ಅವ್ರು ಎತ್ತಿಲ್ಲ, ತಿರುಗಿ ಮಾಡೇ ಇಲ್ಲ. ಹೆಸರ ತಗದ ಬಿಡ್ತೇವ್ರಿ."

"ತಡೀರಿ. ನನ್ನ ಮೊಬೈಲಿಗೆ ಒಮ್ಮೆ ಫೋನ್ ಹಚ್ರಿ" ಎಂದೆ. ಹಚ್ಚಿದರು. ಬೀಗ ಹಾಕಿ ಬಂದ ನನ್ನದೇ ಅಂಗಡಿಯ ಹೆಸರು ನನ್ನ ಕೈಯಲ್ಲೇ ಬೆಳಗಿತು. ಅವರು ನೋಡಿ ಪೆನ್ನು ಕೆಳಗಿಟ್ಟರು. ಬಿಬಿಜಾನರ ಪಾಳಿ ಉಳಿಯಿತು.

ಆಮೇಲೆ ಫೋನ್ ರಿಪೇರಿಯ ತೌಸಿಫ ಬಂದು ತಮ್ಮ ನಿಯಮ ತೆರೆದರು. ಕರೆ ಹೊರಡುವ ಒಳಗಿನ ಫೋನಿನ ನಂಬರು ಆಸ್ಪತ್ರೆಯ ಮುಖ್ಯ ನಂಬರಾಗಿ ಕಾಣಲು, ಕೊನೆಯ ೪೧ನ್ನು ೪೦ ಮಾಡಬೇಕಿತ್ತು. 'ಕೊನೆಯಲ್ಲಿ' ಎಂಬ ಒಂದೇ ಗುರುತು ಬಿಟ್ಟುಹೋಗಿದ್ದರಿಂದ ತಾವು ನಡುವೆಯೂ ಇದ್ದ ಇನ್ನೊಂದು ೪೧ನ್ನು ತಿದ್ದಿದಿರಿ; ಅದು ನನ್ನ ಅಂಗಡಿಯ ನಂಬರಾಗಿ, ಆಸ್ಪತ್ರೆ ನಾನಾಯಿತು. ಹೇಳಿದ್ದನ್ನಷ್ಟೇ ಮಾಡುವ ಇಂಥ ವಿಧೇಯತೆ ನನ್ನ ಕತ್ತರಿಗೂ ಇಲ್ಲ.

ಬಿಬಿಜಾನ ಆಪರೇಶನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡವರೇ ಅಂಗಡಿಗೆ ಬಂದರು. ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ದನಿ ಕೇಳಿ ವಯಸ್ಸಾದಾಕಿ ಅಂದ್ಕೊಂಡಿದ್ನಿ. ಸಣ್ಣಾಕಿ ಅದೀಯಲ್ಲ ಬೇಟಿ" ಎಂದರು. ಆ ಮಧ್ಯಾಹ್ನ ನನಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ.

ಆದ್ದರಿಂದ ಸವಿನಯ ಕೋರಿಕೆ: ಮುಂದೆ ಯಾರದೇ ಅಂಕಿ ತಿದ್ದುವ ಮೊದಲು ತಾವು ಮುದ್ದೇಬಿಹಾಳದ ಬಸ್ಸು ಹತ್ತಿ, ಬಿಬಿಜಾನರ ಕಟ್ಟೆಯ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಫೋನ್ ಬರುವುದನ್ನು ಒಂದು ದಿನ ಕಾಯಬೇಕು.

ತಮ್ಮ ವಿಶ್ವಾಸಿ,
ಭಾಗ್ಯಜ್ಯೋತಿ

ವಿ.ಸೂ.: ನನ್ನ ದೂರಿಗೆ ಉತ್ತರವಾಗಿ ತಮ್ಮ ಕಂಪನಿಯಿಂದ ಬಂದ ಕರೆ ತಪ್ಪಿಹೋಯಿತು. ಅದೇ ನಂಬರಿಗೆ ತಿರುಗಿ ಮಾಡಿದೆ. ಎತ್ತಿದವರು ಸಿಂದಗಿಯ ಹಿಟ್ಟಿನ ಗಿರಣಿಯ ಮಲ್ಲಣ್ಣ: "ಜ್ವಾಳ ಎಷ್ಟ ಕಿಲೋ ಅದಾವ್ರಿ?"