ಬೀಗರ ಆಟ, ಮೊಬೈಲಿನ ಅಂಕಿ

ನಮ್ಮ ಗ್ರಂಥಾಲಯದ ಗೋಡೆಯ ಮೇಲೆ ‘ಮಾತಾಡಬಾರದು’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ಅದಕ್ಕೇ ಇರಬೇಕು, ಶಹಾಪುರದಲ್ಲಿ ಆಗಬೇಕಾದ ಮಾತೆಲ್ಲ ಅದರ ಕೆಳಗೇ ಆಗುತ್ತದೆ. ಹೊರಗೆ ಕೂಗಿ ಹೇಳಿದರೂ ಯಾರೂ ಕೇಳುವುದಿಲ್ಲ. ಒಳಗೆ ಪಿಸುಗುಟ್ಟಿದರೆ ಎಲ್ಲರೂ ಕಿವಿ ಕೊಡುತ್ತಾರೆ. ನಾನು ಅಲ್ಲಿ ಪುಸ್ತಕ ಕೊಡುವವನು. ಮಾತು ಕಡಿಮೆ. ಹಾಗಾಗಿ ಇಂಥ ಪ್ರಸಂಗಗಳು ನನ್ನ ಮೇಜಿನ ಎದುರಿಗೇ ಬಂದು ಕೂರುತ್ತವೆ. ಒಂದು ವರ್ಷ ಅವು ಚದುರಂಗದ ಹಲಗೆಯನ್ನೂ ಜೊತೆಗೆ ತಂದವು.

ಪಂದ್ಯ

ಕಾಲುವೆ ಗೇಟಿನ ಕೆಲಸದಿಂದ ನಿವೃತ್ತರಾದ ಒಬ್ಬರು ದಿನಾ ಬೆಳಿಗ್ಗೆ ನಮ್ಮಲ್ಲಿಗೆ ಪತ್ರಿಕೆ ಓದಲು ಬರುತ್ತಿದ್ದರು. ಊರಿಗೆಲ್ಲ ಅವರು ‘ಗೇಟಿನವರು’. ಮಗಳನ್ನು ಸುರಪುರದಲ್ಲಿ ಅರಿವಿ, ಅಂದರೆ ಬಟ್ಟೆಯ ಅಂಗಡಿ ಇಟ್ಟವರ ಮಗನಿಗೆ ಕೊಟ್ಟಿದ್ದರು. ಅಳಿಯನಿಗೆ ಯಾದಗಿರಿಯಲ್ಲಿ ನೌಕರಿ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಗಂಡು ಕೂಸನ್ನು ಹೆತ್ತಳು. ಅಂಗಡಿಯವರು ಮೊಮ್ಮಗನನ್ನು ನೋಡಲು ಬಂದರು. ಕೂಸಿನ ಮುಖ ಸರಿಯಾಗಿ ನೋಡುವ ಮೊದಲೇ ಜಗಳ ಹತ್ತಿತು.

“ಭೀಮರಾಯ ಅಂತ ಹೆಸರಿಡೂದು,” ಎಂದರು ಗೇಟಿನವರು.

“ವೇಣುಗೋಪಾಲ ಅಂತ ಇಡೂದು,” ಎಂದರು ಅಂಗಡಿಯವರು.

“ಹಡದಾಕಿ ನನ್ನ ಮಗಳ್ರಿ, ಬೀಗರ.”

“ಹಡದದ್ದು ನನ್ನ ಮಮ್ಮಗನ್ನ.”

“ಮಮ್ಮಗ ನನಗೂ ಹೌದ್ರಿ!”

ಅಳಿಯ ಯಾದಗಿರಿ ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಿದ್ದ. “ಇಬ್ಬರೂ ಚೆಸ್ ಆಡ್ತೀವಿ ಅಂತೀರಲ್ಲ, ಆಡ್ರಿ. ಗೆದ್ದವರು ಹೆಸರಿಡ್ರಿ,” ಎಂದ. ನಗಿಸಲು ಹೇಳಿದ್ದು. ಇಬ್ಬರೂ ನಗಲಿಲ್ಲ. ಬೆಳಿಗ್ಗೆ ಶಹಾಪುರದಿಂದ ಒಂದು ನಡೆ, ಸಂಜೆ ಸುರಪುರದಿಂದ ಒಂದು, ಫೋನಿನಲ್ಲಿ ಹೇಳುವುದು, ಐದನೆಯ ತಿಂಗಳಲ್ಲಿ ಹೆಸರಿಡುವ ತೊಟ್ಟಿಲ ಕಾರ್ಯದೊಳಗೆ ಮುಗಿಸುವುದು ಎಂದು ಅಲ್ಲೇ ಕರಾರಾಯಿತು. ಸಮ ಆದರೆ ಏನು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಬೀಗರು ಹೋದ ಮೇಲೆ ಮಗಳು ಅಪ್ಪನನ್ನು ಕೇಳಿದಳಂತೆ: “ನೀ ಗೆದ್ದರ ಅವರು ನನ್ನ ಮುಖ ನೋಡೂದಿಲ್ಲ. ಅವರು ಗೆದ್ದರ ನೀ ನೋಡೂದಿಲ್ಲ. ಕೂಸಿನ್ನ ಕರಕೊಂಡು ನಾ ಎಲ್ಲಿ ಇರ್ಲೆಪಾ?”

“ಆಟ ಆಟ, ಸಂಬಂಧ ಸಂಬಂಧ, ಯವ್ವಾ,” ಎಂದು ಸಮಾಧಾನ ಹೇಳಿದ ಗೇಟಿನವರು, ಮರುದಿನ ನಮ್ಮ ಓದುವ ಕೋಣೆಯಲ್ಲಿ ಹಲಗೆ ಹಾಸುತ್ತ, “ಆ ಅರಿವಿಯಾಂವನ್ನ ಗಂಟು ಕಟ್ಟಿ ಒಗೀತೀನಿ ನೋಡ್ರಿ,” ಎಂದರು. ಅಳಿಯನಿಗೆ ಮಾತ್ರ ಅಂದಿನಿಂದ ತೊಟ್ಟಿಲ ದಿನದವರೆಗೆ ಯಾದಗಿರಿಯಲ್ಲಿ ನೆಟ್‌ವರ್ಕ್ ಸಿಗಲಿಲ್ಲ.

ಇವತ್ತು ಎಷ್ಟು?

ಕಾಲೇಜಿನ ಗಣಿತದ ಮಾಸ್ತರರೂ ನಮ್ಮ ಓದುಗರೇ. ಗೇಟಿನವರ ಮಗಳು ಅವರ ಹಳೆಯ ವಿದ್ಯಾರ್ಥಿನಿ. ಅವರ ಮೊಬೈಲಿನಲ್ಲಿ ಚೆಸ್ ಎಂಜಿನ್ ಇತ್ತು. ಹಲಗೆಯ ಮೇಲಿನ ಸ್ಥಿತಿಯನ್ನು ಅದಕ್ಕೆ ತೋರಿಸಿದರೆ ಒಂದು ಅಂಕಿ ಕೊಡುತ್ತದೆ, ಆಡಬೇಕಾದ ನಡೆಯನ್ನೂ ತೋರಿಸುತ್ತದೆ. ಅಂಕಿಯ ಹಿಂದೆ ಕೂಡುವ ಗುರುತಿದ್ದರೆ ಬಿಳಿಯವರಿಗೆ, ಅಂದರೆ ನಮ್ಮವರಿಗೆ ಒಳ್ಳೆಯದು. ಕಳೆಯುವ ಗುರುತಿದ್ದರೆ ಸುರಪುರಕ್ಕೆ. ಸೊನ್ನೆ ಎಂದರೆ ಸಮ. ಗೇಟಿನವರಿಗೆ ಯಾರೂ ಏನೂ ಹೇಳಬಾರದು, ಹೇಳಿದವರು ಎಲ್ಲರಿಗೂ ಚಹಾ ಕೊಡಿಸಬೇಕು ಎಂದು ನೋಡುವವರೆಲ್ಲ ಆಣೆ ಮಾಡಿದರು. ಮೊಬೈಲನ್ನು ನನ್ನ ಮೇಜಿನ ಮೇಲಿಡುವುದೆಂದಾಯಿತು. “ಇವರಿಗೆ ಗೊತ್ತಾದರ ಗ್ವಾಡಿಗಿ ಗೊತ್ತಾದಂಗ,” ಎಂದರು ಮಾಸ್ತರರು. ಹೊಗಳಿಕೆ ಎಂದೇ ತಿಳಿದುಕೊಂಡೆ.

ಆಟ ಹೇಗಿತ್ತು? ಗೇಟಿನವರು ಸುಮ್ಮನೆ ಒಂದು ಕುದುರೆಯನ್ನು ಬಾಯಿಗೆ ಕೊಟ್ಟರು. ಅಂಗಡಿಯವರು ಅದನ್ನು ನೋಡಲೇ ಇಲ್ಲ. ಅಂಗಡಿಯವರು ಆನೆಯನ್ನು ಬಿಟ್ಟು ನಡೆದರು. ಗೇಟಿನವರು ಆ ಕಡೆಗೆ ತಿರುಗಲಿಲ್ಲ. ಅಂಕಿ ಬೆಳಿಗ್ಗೆ ಅಟ್ಟ ಹತ್ತಿ ಸಂಜೆ ನೆಲದೊಳಗಿನ ಹಗೇವಿಗೆ ಇಳಿಯುತ್ತಿತ್ತು.

ವಾರದೊಳಗೆ ಊರಿಗೆ ಚಟ ಹತ್ತಿತು. ಕಾಲುವೆಗೆ ನೀರು ಎಷ್ಟು ಬಿಟ್ಟರು ಎಂದು ಕೇಳುತ್ತಿದ್ದವರು ಈಗ ಕಿಟಕಿಯಲ್ಲಿ ತಲೆ ಹಾಕಿ, “ಇವತ್ತು ಎಷ್ಟ್ರಿ?” ಎನ್ನುತ್ತಿದ್ದರು. ಪಕ್ಕದ ಊರು ಗೋಗಿಯಿಂದ ಆಟೋ ಹೊಡೆಯುವವನೊಬ್ಬ ದಿನಾ ಕೇಳಿಕೊಂಡು ಹೋಗುತ್ತಿದ್ದ. ಒಂದು ದಿನ ಅವನನ್ನು ತಡೆದು, ನಿನಗೆ ಚದುರಂಗ ಬರುತ್ತದೆಯೇ ಎಂದು ಕೇಳಿದೆ.

“ಇಲ್ರಿ ಸರ್. ಗಾಡ್ಯಾಗಿನ ಮಂದಿ ಕೇಳ್ತಾರ. ಹೇಳಿಲ್ಲಂದ್ರ ಹಿಂದಿನ ಆಟೋ ಹತ್ತತಾರ.”

ಪತ್ರಿಕೆ ಓದುವವರು

ಗೇಟಿನವರು ಮೂವತ್ತು ವರ್ಷ ನೀರನ್ನು ನೋಡಿದವರು. ನೀರು ನೋಡಿದವರಿಗೆ ಮುಖ ನೋಡುವುದು ಕಷ್ಟವೇ? ಕೆಲವೇ ದಿನಗಳಲ್ಲಿ ಅವರು ಹಲಗೆ ನೋಡುವುದನ್ನು ಬಿಟ್ಟರು. ಕುದುರೆಯ ಮೇಲೆ ಕೈ ಒಯ್ಯುವರು, ಸುತ್ತ ಕುಳಿತವರ ಮುಖ ನೋಡುವರು. ಒಂಟೆಯ ಮೇಲೆ ಕೈ, ಮತ್ತೆ ಮುಖ. ಸರಿಯಾದ ಕಾಯಿಯ ಮೇಲೆ ಕೈ ಬಂದಾಗ ಕೋಣೆಯಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ. ಅದನ್ನೇ ಎತ್ತುವರು.

“ಇದು ಮೋಸ,” ಎಂದು ಮಾಸ್ತರರು ಎಲ್ಲರಿಗೂ ಒಂದೊಂದು ಪತ್ರಿಕೆ ಹಂಚಿದರು. ನಡೆ ಮುಗಿಯುವವರೆಗೆ ಯಾರೂ ಪತ್ರಿಕೆಯಿಂದ ಮುಖ ಹೊರಗೆ ತೆಗೆಯಬಾರದು.

ಆ ದಿನವೇ ಮೇಲಿನ ಕಚೇರಿಯಿಂದ ತಪಾಸಣೆಗೆ ಅಧಿಕಾರಿ ಬರಬೇಕೆ! ಬಾಗಿಲಲ್ಲಿ ನಿಂತು ನೋಡಿದರು. ಕೋಣೆ ತುಂಬ ಜನ. ಒಂದು ಮುಖವೂ ಕಾಣುವುದಿಲ್ಲ, ಬರೀ ಪತ್ರಿಕೆಗಳು. ನನ್ನ ಹತ್ತಿರ ಬಂದು ಪಿಸುಗುಟ್ಟಿದರು: “ಎಷ್ಟು ತಾಲೂಕು ತಿರುಗೀನ್ರಿ, ಇಂಥಾ ಓದುಗರನ್ನ ಎಲ್ಲೂ ನೋಡಿಲ್ಲ.”

ಅಷ್ಟರಲ್ಲಿ ಮೂಲೆಯಲ್ಲಿದ್ದ ಗೇಟಿನವರು ಮುಖ ಕಾಣದೆ ಕಂಗೆಟ್ಟು ಒಂದು ಪ್ಯಾದೆಯನ್ನು ಮುಂದೆ ದೂಡಿದರು. ಎಲ್ಲ ಪತ್ರಿಕೆಗಳ ಹಿಂದಿನಿಂದ ಒಮ್ಮೆಲೇ “ಛೇ, ಛೇ!” ಎಂಬ ನಿಟ್ಟುಸಿರು ಬಂತು.

ಅಧಿಕಾರಿಗಳ ಕಣ್ಣು ತೇವವಾಯಿತು. “ಸುದ್ದಿ ಓದಿ ಹೆಂಗ ಮರುಗಾಕತ್ತಾರ ನೋಡ್ರಿ. ಭಾಳ ಮೆತ್ತನ ಮನಸಿನ ಮಂದಿ.”

ಬರೋಬರಿ

ನಮ್ಮಲ್ಲಿ ಕಸ ಗುಡಿಸಲು ಬರುವ ಅಜ್ಜಿ ಹಲಗೆಯ ತಂಟೆಗೆ ಹೋಗುತ್ತಿರಲಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಮಾತ್ರ ಎಲ್ಲವನ್ನೂ ಒರೆಸುವುದು ಆಕೆಯ ಪದ್ಧತಿ. ಬೆಳಿಗ್ಗೆ ಬಂದು ನೋಡಿದರೆ ಹಲಗೆ ಫಳಫಳ ಹೊಳೆಯುತ್ತಿತ್ತು. ಬಿಳಿ ಕಾಯಿಗಳು ಒಂದು ಕಡೆ, ಕರಿ ಕಾಯಿಗಳು ಇನ್ನೊಂದು ಕಡೆ, ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು.

ಗೇಟಿನವರು ಎದೆ ಹಿಡಿದುಕೊಂಡು ಕುಳಿತರು. “ಯಾಕಬೇ ಹಿಂಗ ಮಾಡಿದಿ?”

“ಏನು ಮಾಡೀನ್ರಿ? ಬಿಳೀವು ಕರೀವು ಎಲ್ಲಾ ಕಲಸಿ ಇಟ್ಟಿದ್ರಿ. ಅರ್ಧ ಡಬ್ಬ್ಯಾಗ, ಅರ್ಧ ಹೊರಗ. ನಾ ಆರಿಸಿ ಬರೋಬರಿ ಹಚ್ಚೀನಿ.”

ಸುದೈವಕ್ಕೆ ಮಾಸ್ತರರ ಮೊಬೈಲಿನಲ್ಲಿ ಆಟವೆಲ್ಲ ಇತ್ತು. ಒಂದೊಂದಾಗಿ ನೋಡಿ ಕಾಯಿಗಳನ್ನು ಮತ್ತೆ ಅವುಗಳ ಜಾಗದಲ್ಲಿಟ್ಟೆವು. ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದ ಅಜ್ಜಿ ಕೊನೆಗೆ ಅಂದಳು: “ಕಲಸಾಕೂ ಮೊಬೈಲ್ ನೋಡಬೇಕೇನ್ರಿ ನಿಮಗ?”

ಗಡಿಗೆ

ಸುರಪುರದಲ್ಲೂ ಇದೇ ಕಥೆ ಎಂದು ಸುದ್ದಿ ಬಂತು. ಅಲ್ಲಿ ಅಂಗಡಿಯ ಗಿರಾಕಿಗಳು ಇನ್ನೊಂದು ಎಂಜಿನ್ ಇಟ್ಟುಕೊಂಡು ನೋಡುತ್ತಿದ್ದರು. ನಮ್ಮ ಮೊಬೈಲು ನಮ್ಮವರು ತುಸು ಮೇಲೆ ಎಂದ ದಿನ ಅವರದು ತಮ್ಮವರೇ ಮೇಲೆ ಎನ್ನುತ್ತಿತ್ತು. ಇದನ್ನು ಬಗೆಹರಿಸಲು ಮಾಸ್ತರರು ನನ್ನನ್ನು ಕರೆದುಕೊಂಡು ಸುರಪುರಕ್ಕೆ ಹೋದರು.

ಸುಡುಬಿಸಿಲು. ಅಂಗಡಿಯ ಮುಂದೆ ಜನ ಗುಂಪಾಗಿ ನಿಂತಿದ್ದರು. ನಡುವೆ ಒಂದು ಕುಡಿಯುವ ನೀರಿನ ಗಡಿಗೆ. ಗಡಿಗೆಯ ಮೇಲೆ ಹಸಿ ಬಟ್ಟೆ, ಅದರ ಮೇಲೊಂದು ತಟ್ಟೆ, ತಟ್ಟೆಯಲ್ಲಿ ಮೊಬೈಲು. ಒಬ್ಬ ಬೀಸಣಿಗೆಯಿಂದ ಅದಕ್ಕೆ ಗಾಳಿ ಹಾಕುತ್ತಿದ್ದ.

“ಇದೇನ್ರಿ?” ಎಂದರು ಮಾಸ್ತರರು.

“ಬಿಸಿಲಾಗ ಬಿಸಿ ಆಗಿ ಬಂದ್ ಬೀಳ್ತದ್ರಿ. ತಂಪ ಇಟ್ಟರ ಛಲೋ ವಿಚಾರ ಮಾಡ್ತದ. ನಿಮ್ಮದು ಎಲ್ಲಿ ಇಡ್ತೀರಿ?”

“ಮೇಜಿನ ಮ್ಯಾಲ.”

ಅವರು ಒಬ್ಬರನ್ನೊಬ್ಬರು ನೋಡಿಕೊಂಡು ಮರುಕದಿಂದ ತಲೆಯಾಡಿಸಿದರು. ಮಾಸ್ತರರು ವಾದ ಮಾಡಿದರು, ಲೆಕ್ಕ ಹೇಳಿದರು, ಎರಡು ಎಂಜಿನ್ ಎರಡು ರೀತಿ ತೂಗುತ್ತವೆ ಎಂದು ತಿಳಿಸಿದರು. ಯಾರೂ ಒಪ್ಪಲಿಲ್ಲ. ಮರುದಿನ ನಾನು ಗ್ರಂಥಾಲಯದ ಬೀಗ ತೆಗೆಯುವಾಗ ಮಾಸ್ತರರು ಬಾಗಿಲಲ್ಲೇ ನಿಂತಿದ್ದರು, ಕಂಕುಳಲ್ಲಿ ಹೊಸ ಗಡಿಗೆ.

ಸೊನ್ನೆ

ಆಮೇಲೆ ಒಂದು ವಿಚಿತ್ರ ಶುರುವಾಯಿತು. ಅಂಕಿ ಕುಣಿಯುವುದನ್ನು ಬಿಟ್ಟಿತು. ಒಂದು ದಿನ ಅತ್ತ, ಒಂದು ದಿನ ಇತ್ತ ತುಸು ಸರಿದು ಮತ್ತೆ ಸೊನ್ನೆಗೇ ಬಂದು ಕೂರುತ್ತಿತ್ತು. ಗೇಟಿನವರು ಈಗ ಯಾರ ಮುಖವನ್ನೂ ನೋಡದೆ, ಮನೆಯಿಂದ ಬಂದವರೇ ಕಾಯಿ ಎತ್ತಿಟ್ಟು ಪತ್ರಿಕೆ ಕೇಳುತ್ತಿದ್ದರು. ಸುರಪುರದವರೂ ಹಾಗೇ ಎಂದು ತಿಳಿಯಿತು. ಕುದುರೆ ಆನೆಗಳನ್ನು ದಾನ ಮಾಡಿದ ಇಬ್ಬರು ಹಿರಿಯರು ರಾತ್ರೋರಾತ್ರಿ ಹೀಗೆ ತಕ್ಕಡಿ ಹಿಡಿದಂತೆ ಆಡುವುದು ಹೇಗೆ?

“ಇಬ್ಬರೂ ಕದ್ದು ಮೆಷಿನ್ ನೋಡಾಕತ್ತಾರ,” ಎಂದರು ಮಾಸ್ತರರು. ಸುದ್ದಿ ಎರಡೂ ಊರಿಗೆ ಹಬ್ಬಿತು. ಬೀಗರು ಫೋನಿನಲ್ಲಿ ನಡೆಯನ್ನಷ್ಟೇ ಹೇಳಿ ಇಡತೊಡಗಿದರು. ‘ಆರಾಮ್ರಿ?’ ಎನ್ನುವುದೂ ನಿಂತಿತು. ಗೇಟಿನವರ ಮಗಳು ಹೆದರಿದ್ದೇ ಆಗುತ್ತದೆಯೇನೋ ಎಂದು ನನಗೂ ಕಳವಳವಾಯಿತು.

ತೊಟ್ಟಿಲ ದಿನ ಬಂತು. ಆಟ ಮುಗಿದಿರಲಿಲ್ಲ; ಅವರ ಆನೆ ಇತ್ತ ಬಂದರೆ ನಮ್ಮ ರಾಜ ಅತ್ತ, ಅವರ ಆನೆ ಅತ್ತ ಹೋದರೆ ನಮ್ಮ ರಾಜ ಇತ್ತ. ಹಲಗೆಯನ್ನು ಅಲುಗಿಸದೆ ಹೊತ್ತುಕೊಂಡು ನಾವು ಗೇಟಿನವರ ಮನೆಗೆ ಹೋದೆವು. ಸುರಪುರದವರು ಎರಡು ಕ್ರೂಸರ್ ಗಾಡಿ ತುಂಬ ಬಂದಿದ್ದರು. ಒಳಗೆ ಹೆಂಗಸರು ತೊಟ್ಟಿಲ ಸುತ್ತ. ಪಡಸಾಲೆಯಲ್ಲಿ ಗಂಡಸರು ಹಲಗೆಯ ಸುತ್ತ.

ಅಂಗಡಿಯವರೇ ಮೊದಲು ಶುರು ಮಾಡಿದರು. “ಬೀಗರ, ಖರೆ ಹೇಳ್ರಿ. ಮೊಬೈಲ್ ನೋಡಿ ಆಡೀರಿಲ್ಲೋ?”

“ನಾನು? ನನಗ ಮೊಬೈಲಿನಾಗ ಬ್ಯಾಟ್ರಿ ಹಚ್ಚೂದು ಬಿಟ್ಟರ ಏನೂ ಬರೂದಿಲ್ಲ. ನೋಡಿದವರು ನೀವು!”

“ನನ್ನ ಅಂಗಡಿ ಮ್ಯಾಲ ಆಣಿ, ನೋಡಿಲ್ಲ. ಮತ್ತ ಆ ಒಂಟಿ ಹಿಂದಕ್ಕ ತಗೊಂಡ್ರಲ್ಲ, ಅಂಥಾದ್ದು ನಿಮ್ಮ ತಲ್ಯಾಗ ಹೊಳೀತದೇನು?”

ಗೇಟಿನವರು ಸುತ್ತ ನೋಡಿದರು. ಧ್ವನಿ ತಗ್ಗಿತು. “ಹೇಳಿದರ ನಗ್ತೀರಿ.”

“ಹೇಳ್ರಿ ನೋಡೂಣು.”

“ಮಮ್ಮಗ ತೋರಿಸ್ಯಾನ.”

ಎಲ್ಲರೂ ನಕ್ಕರು. ಅಂಗಡಿಯವರು ಮಾತ್ರ ನಗಲಿಲ್ಲ. ಅವರ ಮುಖ ಇಳಿದುಹೋಯಿತು.

“ನಿಮಗೂ ತೋರಿಸ್ಯಾನೇನು?” ಎಂದರು.

ಆಮೇಲೆ ಒಂದೊಂದಾಗಿ ಹೊರಬಿತ್ತು. ಅಜ್ಜಿ ಹಲಗೆ ಒರೆಸಿದ ಮೇಲೆ ಗೇಟಿನವರು ಮನೆಯಲ್ಲೂ ಅದೇ ಆಟದ ಇನ್ನೊಂದು ಹಲಗೆ ಹೂಡಿ, ಬೆಳಿಗ್ಗೆ ಚಹಾ ಕುಡಿಯುವಾಗ ಅದರ ಮುಂದೆ ಕೂರುತ್ತಿದ್ದರು. ಮಗಳು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತು, “ಮುತ್ಯಾ ಏನು ಆಡ್ತಾನ ನೋಡು,” ಎನ್ನುವಳು. ಕೂಸಿನ ಕೈ ಒಂದು ಕಾಯಿಯ ಮೇಲೆ ಬರುವುದು, ಅಲ್ಲಿಂದ ಒಂದು ಮನೆಯ ಮೇಲೆ ಇಳಿಯುವುದು. ಸಂಜೆ ಅಂಗಡಿಯವರು ಮೊಮ್ಮಗನನ್ನು ನೋಡಲು ವಿಡಿಯೋ ಕಾಲ್ ಮಾಡುವರು. ಆಗಲೂ ಅದೇ ಹಲಗೆ, ಅದೇ ಕೈ. “ಮಾವರ, ಕೂಸು ಆನಿ ಕಡೆ ಕೈ ಮಾಡಾಕತ್ತದ ನೋಡ್ರಿ,” ಎನ್ನುವಳು ಸೊಸೆ. ತಮ್ಮ ಮೊಮ್ಮಗ ಅವತಾರಪುರುಷ, ಅದೂ ತಮ್ಮ ಕಡೆಯವನು, ಎಂದು ಇಬ್ಬರೂ ಯಾರಿಗೂ ಹೇಳದೆ ಹಿಗ್ಗುತ್ತಿದ್ದರು.

ಎಲ್ಲರೂ ಒಳಗೆ ತಿರುಗಿ ನೋಡಿದರು. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

ಮಾಸ್ತರರಿಗೆ ಮಾತ್ರ ಅರ್ಥವಾಗಿತ್ತು. “ಇಬ್ಬರನ್ನೂ ಸೊನ್ನಿಗಿ ಹಿಡಿಯೂದು ಸುಲಭ ಅಲ್ಲವ್ವಾ. ಹೆಂಗ ಹಿಡದಿ?”

“ಭಾಳ ತ್ರಾಸ ಆತ್ರಿ ಸರ್,” ಎಂದಳು. “ಮೊಬೈಲ್ ನೋಡಿ, ಕೂಸಿನ ಕೈ ಹಿಡದು ಒಬ್ಬರನ್ನ ಸರಿ ಮಾಡೂದ್ರಾಗ ಇನ್ನೊಬ್ಬರು ಕೆಡಸ್ತಿದ್ರು. ದಿನಾ ಕೂಸಿನ ಮಾತು ಕೇಳಿದ್ದರ ಎಂದೋ ಸಮ ಆಗತಿತ್ತು. ನಡುನಡುವ ಇವರು ಸ್ವಂತ ಬುದ್ಧಿ ಓಡಸ್ತಿದ್ರಲ್ರಿ!”

ಪಡಸಾಲೆ ಅಲುಗುವಂತೆ ನಗೆ ಎದ್ದಿತು. ಅಂಗಡಿಯವರು ನಕ್ಕು ನಕ್ಕು ಬೀಗರ ಹೆಗಲು ಹಿಡಿದುಕೊಂಡರು, ಹಿಡಿದದ್ದನ್ನು ಬಿಡಲಿಲ್ಲ. ಗೇಟಿನವರು ಕಣ್ಣೊರೆಸಿಕೊಳ್ಳುತ್ತ, “ಹಂಗಾದ್ರ ಹೆಸರು?” ಎಂದರು.

ಉತ್ತರ ಒಳಗಿನಿಂದಲೇ ಬಂತು. ನಮ್ಮ ಕಡೆ ಹೆಸರಿಡುವುದು ಅಜ್ಜ ಮುತ್ಯಾಗಳಲ್ಲ, ಕೂಸಿನ ಸೋದರತ್ತೆ, ಅಂದರೆ ಇಲ್ಲಿ ಅಂಗಡಿಯವರ ಮಗಳು. ಎರಡೂ ಊರು ಕೂಡಿ ಇದನ್ನು ಮರೆತಿದ್ದವು. ಆಕೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ “ಕುರ್‍ರ್... ಸಂಜೀವ” ಎಂದಾಗಿತ್ತು. ಹೆಂಗಸರು ಪದ್ಧತಿಯಂತೆ ಆಕೆಯ ಬೆನ್ನಿಗೆ ಗುದ್ದುತ್ತಿದ್ದರು. ಅತ್ತಿಗೆ ನಾದಿನಿ ಕೂಡಿ ಹೆಸರನ್ನು ಆರಿಸಿದ್ದು ಕೂಸು ಹುಟ್ಟುವ ಮೊದಲೇ ಅಂತೆ.

ಈಗ ಸಂಜೀವ ಶಾಲೆಗೆ ಹೋಗುತ್ತಾನೆ. ಶಹಾಪುರದಲ್ಲಿ ಭೀಮರಾಯ ಎಂದರೂ, ಸುರಪುರದಲ್ಲಿ ವೇಣುಗೋಪಾಲ ಎಂದರೂ ಓಗೊಡುತ್ತಾನೆ. ಆದರೆ ಚದುರಂಗದ ಹಲಗೆ ಕಂಡರೆ ಎದ್ದು ಓಡುತ್ತಾನೆ. ಹುಡುಗನ ತಾಯಿ ಎಷ್ಟು ಸಲ ಬಿಡಿಸಿ ಹೇಳಿದರೂ ಮುತ್ಯಾಗಳಿಬ್ಬರೂ ಇಂದಿಗೂ ಆ ಕೈ ಕೂಸಿನದೇ ಎನ್ನುತ್ತಾರೆ. ಮೊನ್ನೆ ಇಬ್ಬರೂ ಜೊತೆಯಾಗಿ ಗ್ರಂಥಾಲಯಕ್ಕೆ ಬಂದಿದ್ದರು. ಹುಡುಗ ಯಾಕೆ ಆಡುವುದಿಲ್ಲ ಎಂದು ನಾನು ಅಪರೂಪಕ್ಕೆ ಬಾಯಿ ತೆರೆದು ಕೇಳಿದೆ.

ಗೇಟಿನವರು ಬೀಗರನ್ನು ನೋಡಿದರು. ಅಂಗಡಿಯವರು ಗಂಭೀರವಾಗಿ ಹೇಳಿದರು:

“ಸಣ್ಣಾಂವ ಇದ್ದಾಗ ಭಾಳ ಆಡ್ಯಾನ್ರಿ. ಸಾಕಾಗ್ಯಾದ ಅವಗ.”